ಊಟ ತರಲಾ?

ಮಂಡಿಯೂರಿ ಕುಳಿತು ಬಾಗಿಲು ಸರಿಸಿದ ಮಿಸುಜು ತಲೆಯೆತ್ತಿದಳು.

ಅವನೇ... ಲೆವಾನ್!

ಹೋದ ವರ್ಷ ಇದೇ ಏಡಿ ಸಿಗುವ ಕಾಲದಲ್ಲಿ, ಇದೇ ಕೋಣೆಯಲ್ಲಿ ಐದು ದಿನ ಉಳಿದಿದ್ದ ಜಾರ್ಜಿಯಾ ದೇಶದವನು. ಜಪಾನಿನ ಕಿನೊಸಾಕಿಯ ಈ ವಸತಿಗೃಹದಲ್ಲಿ ಹನ್ನೊಂದು ವರ್ಷದಿಂದ ಬಡಿಸುತ್ತಿದ್ದಾಳೆ ಮಿಸುಜು. ಅತಿಥಿಗಳು ಬರುತ್ತಾರೆ, ಹೋಗುತ್ತಾರೆ. ಇವನು ಮಾತ್ರ ಹೋಗಿಯೂ ಅವಳ ಮನಸ್ಸು ಬಿಟ್ಟು ಹೋಗಿರಲಿಲ್ಲ.

ಕೊನೆಯ ದಿನ ಅವಳು ಬಡಿಸಿದ ಅನ್ನದಲ್ಲಿ ಒಂದು ಅಗುಳನ್ನೂ ಮುಟ್ಟದೆ ಎದ್ದಿದ್ದ. ‘ನಾನು ಬೇಡವಾದೆ. ಬಾಯಿಬಿಟ್ಟು ಹೇಳಲಾರದೆ ಬಟ್ಟಲಲ್ಲಿ ಅನ್ನ ಬಿಟ್ಟು ಹೋದ’ ಎಂದುಕೊಂಡು ವರ್ಷವಿಡೀ ಒಳಗೊಳಗೇ ನೊಂದಿದ್ದಳು.

“ಚೆನ್ನಾಗಿದ್ದೀರಾ, ಮಿಸುಜುಸಾನ್?” ತಡವರಿಸುವ ಜಪಾನಿಯಲ್ಲಿ ಕೇಳಿದ.

“ಪ್ರಯಾಣ ಮಾಡಿ ದಣಿದಿರ್ತೀರಿ. ಮೊದಲು ತಿನ್ನಿ,” ಎಂದಳು, ಉಪಚಾರದ ಮಾತಿನ ಹಿಂದೆ ಅಡಗಿಕೊಂಡು.

ಒಂದೊಂದಾಗಿ ಬಂದವು. ಹುರಿದ ಗಿಂಕೋ ಬೀಜ. ಮುಚ್ಚಳ ತೆಗೆದರೆ ಯುಜು ಹಣ್ಣಿನ ಘಮ ಬರುವ ತಿಳಿಸಾರು. ಹಸಿ ಏಡಿ, ಕೆಂಡದಲ್ಲಿ ಸುಟ್ಟ ಏಡಿ, ಚಿಪ್ಪಿನೊಳಗೆ ಹೊಯ್ದ ಬಿಸಿ ಸಾಕೆ ಮದ್ಯ. ಹೊಟ್ಟೆಯಲ್ಲಿ ಜಾಗ ಎಲ್ಲಿತ್ತೋ, ಪುಣ್ಯಾತ್ಮ ಎಲ್ಲವನ್ನೂ ತಿಂದ. ಅಲಂಕಾರಕ್ಕಿಟ್ಟ ಎಲೆಯನ್ನೂ!

“ಅದು ತಿನ್ನೋದಲ್ಲ.”

“ಗೊತ್ತಾಯ್ತು. ಅರ್ಧ ಅಗಿದ ಮೇಲೆ.”

‘ನಗಬಾರದು... ನಕ್ಕರೆ ಮತ್ತೆ ಸೋಲುತ್ತೇನೆ.’

“ಇನ್ನು ಊಟ ತರಲಾ?”

ಒಂಬತ್ತು ಬಗೆ ತಿಂದಾದ ಮೇಲೂ ಅಲ್ಲಿ ಊಟವೆಂದರೆ ಅನ್ನವೇ. ಅದು ಬಂತೆಂದರೆ ಸಾಕೆಯ ಬಟ್ಟಲು ಎತ್ತಿಡಬೇಕು, ಹರಟೆ ಮುಗಿಸಬೇಕು.

ಲೆವಾನನ ಮುಖ ಬಾಡಿತು. “ಈ ಸಲಾನೂ ಅದೇ ಉತ್ತರಾನಾ?”

“ಯಾವ ಉತ್ತರ?”

“ನಿಮಗೋಸ್ಕರ ಈ ಊರಲ್ಲೇ ಇದ್ದುಬಿಡ್ಲಾ ಅಂತ ಹೋದ ವರ್ಷ ಕೇಳಿದ್ನಲ್ಲ. ನೀವು ‘ಊಟ ತರಲಾ’ ಅಂದ್ರಿ. ಅನ್ನ ಬಂದ್ರೆ ಮುಗೀತು ಅಂತ ನೀವೇ ಹೇಳಿಕೊಟ್ಟಿದ್ರಿ. ಎದ್ದು ಹೋಗು ಅನ್ನೋದಕ್ಕೆ ಇಷ್ಟು ಮರ್ಯಾದೆ ಮಾತಾ ಅಂದ್ಕೊಂಡೆ. ಆಮೇಲೆ ಆ ಅನ್ನ ಮುಟ್ಟೋಕೆ ಮನಸ್ಸಾಗ್ಲಿಲ್ಲ.”

ಮಿಸುಜುವಿನ ಕಣ್ಣು ತುಂಬಿ ಬಂತು. ಅಯ್ಯೋ, ಒಂದು ಬಟ್ಟಲು ಅನ್ನಕ್ಕೆ ಇಬ್ಬರೂ ಒಂದು ವರ್ಷ ಕಳೆದುಕೊಂಡಿದ್ದರು!

“ನನಗೆ ಮಾತೇ ಹೊರಡ್ಲಿಲ್ಲ, ಲೆವಾನ್‌ಸಾನ್. ದಿನಾ ಹೇಳಿ ಹೇಳಿ ಅಭ್ಯಾಸ ಆದದ್ದು, ಅದೊಂದೇ ಬಾಯಿಗೆ ಬಂತು.”

“ಹಾಗಾದ್ರೆ... ನಿಜವಾದ ಉತ್ತರ?”

“ಮಿಸುಜು, ಅನ್ನ ಆರ್ತಾ ಇದೆ,” ಅಡುಗೆಮನೆಯಿಂದ ಯಜಮಾನಿ ಕೂಗಿದರು.

“ಆರಲಿ ಬಿಡಿ.”

ಯಜಮಾನಿಗೆ ಅವಳು ಹಾಗೆ ಎದುರಾಡಿದ್ದು ಅದೇ ಮೊದಲು. ಧೈರ್ಯ ಬಂದಾಗಲೇ ಹೇಳಿಬಿಡಬೇಕೆನಿಸಿತು.

“ಇದ್ದುಬಿಡಿ. ಆಗಲೂ ಅದೇ ಹೇಳಬೇಕಿತ್ತು. ನನಗೆ ನೀವು ಬೇಕು.”

ಲೆವಾನ್ ಪಕ್ಕದ ಮೆತ್ತೆಯನ್ನು ಅವಳತ್ತ ಸರಿಸಿದ. “ಕೂತ್ಕೊಳ್ಳಿ. ಜೊತೇಲೇ ಉಣ್ಣೋಣ.”

“ಅತಿಥಿಗಳ ಜೊತೆ ನಾವು ಕೂರೋ ಹಾಗಿಲ್ಲ. ಗುರುವಾರ ನನಗೆ ರಜೆ. ಮನೆಗೆ ಬನ್ನಿ.”

“ಅಲ್ಲೂ ಅನ್ನ ಕೊನೆಗೇನಾ?”

“ಇಲ್ಲ,” ಅವಳು ಕಣ್ಣೊರೆಸಿಕೊಂಡು ನಕ್ಕಳು. “ಮನೆಯವರಿಗೆ ಮೊದಲೇ ಬಡಿಸ್ತೀವಿ.”