ಏಳು ಸಲ ತೊಳೆದ ಕ್ಯಾನ್

"ಅಲ್ಲಿ ತೊಳೀಬ್ಯಾಡ್ರಿ," ಎಂದಳು.

ತಂಬ್ರಹಳ್ಳಿ ಕೆರೆಯ ದಂಡೆಯಲ್ಲಿ ನಾನು ಸ್ಪ್ರೇಯರ್ ತೊಳೆಯುತ್ತಿದ್ದೆ. ಊರವರ ಹೊಲಗಳಿಗೆ ಎಣ್ಣೆ ಹೊಡೆಯುವುದು ನನ್ನ ಕೆಲಸ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಬೇಡ ಅನ್ನಲು ಈ ಹುಡುಗಿ ಯಾರು? ಸಿಟ್ಟಿನಲ್ಲಿ ಪಕ್ಕದ ಬಿಳಿ ಕ್ಯಾನ್ ಎತ್ತಿ ಗಟಗಟ ನೀರು ಕುಡಿದೆ.

"ಕೆರಿ ನಿಮ್ದೇನ್ರಿ?"

"ನಂದಲ್ಲ, ಇದರದು." ಅಂಗೈ ಚಾಚಿದಳು. ಕಡಲೆಕಾಳಿನಷ್ಟು ಬಸವನಹುಳು ಅಲ್ಲಿ ತೆವಳುತ್ತಿತ್ತು. ನಾನು ಹುಳು ನೋಡಬೇಕಿತ್ತು, ಅವಳ ಮೂಗಿನ ಮೇಲಿನ ಕೆಸರಿನ ಚುಕ್ಕೆ ನೋಡಿದೆ.

ಹೆಸರು ಗೌತಮಿ. ಹಗರಿಬೊಮ್ಮನಹಳ್ಳಿಯವಳು, ರೈಲ್ವೆ ಹುಲುಗಪ್ಪನ ಮಗಳು, ಕೊಟ್ಟೂರಿನಲ್ಲಿ ಎಂಎಸ್ಸಿ. ಭಾನುವಾರಕ್ಕೊಮ್ಮೆ ಬಂದು ಕೆರೆಯ ಹುಳು, ಮೊಟ್ಟೆ ಎಣಿಸಿ ಬರೆದುಕೊಳ್ಳುವುದು ಅವಳ ಪ್ರಾಜೆಕ್ಟು.

"ಆ ದಂಡಿಗೆ ಎಲಿ ಕೆಳಗ ಮೊಟ್ಟಿ ಅದಾವ. ನೀವು ತೊಳಿಯೋ ಕಡಿ ಹುಳ ಅದಾವ, ಮೊಟ್ಟಿ ಒಂದೂ ಇಲ್ಲ. ಎಣ್ಣಿ ಕೆಸರಿನಾಗ ವರ್ಷಗಟ್ಟಲೆ ಕುಂತಿರತೈತಿ ಮೌನೇಶ್."

ನನ್ನ ಹೆಸರನ್ನು ಅವಳು ಯಾರಿಂದ ಕೇಳಿಕೊಂಡಳೋ, ಆ ವಾರ ನಿದ್ದೆ ಹತ್ತಲಿಲ್ಲ. ಕೆರೆಯಲ್ಲಿ ತೊಳೆಯುವುದನ್ನು ಬಿಟ್ಟೆ. ಶನಿವಾರಕ್ಕೇ ಗಡ್ಡ ಬೋಳಿಸತೊಡಗಿದೆ. ಅವಳು ಓರೆಗಣ್ಣಲ್ಲಿ ನೋಡಿ ನಗು ಕಚ್ಚಿ ಹಿಡಿದಳು.

"ಹುಳಕ್ಕ ಗಡ್ಡ ಗೊತ್ತಾಗಂಗಿಲ್ಲ ಬಿಡ್ರಿ."

"ಎಣಿಸೋರಿಗೆ ಗೊತ್ತಾದ್ರ ಸಾಕ್ರಿ."

ಅವಳ ಕಿವಿ ಕೆಂಪಾಯಿತು. ಅಂದು ಎಣಿಕೆ ಎರಡು ಸಲ ತಪ್ಪಿತು.

ಪ್ರಾಜೆಕ್ಟಿನ ಕೊನೆಯ ವಾರ ಅವಳಿಗೆ ಪರೀಕ್ಷೆ. ನಲವತ್ತು ಹುಳಗಳಿದ್ದ ಗಾಜಿನ ಬಾಟಲಿಯನ್ನು ನನ್ನ ಕೈಗಿಟ್ಟು, "ಜ್ವಾಕಿ," ಎಂದಳು. ನನಗೋ ಉತ್ಸಾಹ. ಬಾಟಲಿ ಇಕ್ಕಟ್ಟಾಯಿತು ಅನ್ನಿಸಿ, ಮನೆಯ ದೊಡ್ಡ ಕ್ಯಾನನ್ನು ಹುಣಸೆಹಣ್ಣು, ಸಾಬೂನು ಹಾಕಿ ಏಳು ಸಲ ತೊಳೆದು ಬಿಸಿಲಿಗಿಟ್ಟೆ. ಕೆರೆಯ ನೀರು, ಎಲೆ ತುಂಬಿ ಹುಳಗಳನ್ನು ಬಿಟ್ಟೆ. ಭಾನುವಾರ ಅವಳು ಬರುವಷ್ಟರಲ್ಲಿ ಒಂದೂ ಅಲುಗುತ್ತಿರಲಿಲ್ಲ.

"ಇದು ಯಾವ ಕ್ಯಾನ್?"

"ಹೋದ ವರ್ಷದ ಎಣ್ಣಿದು. ಏಳು ಸಲ ತೊಳದೀನ್ರಿ."

ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನೇ ದಿಟ್ಟಿಸಿ, ಬಸ್ ಹತ್ತಿದಳು.

ಆಮೇಲೆ ನಾಲ್ಕು ದಿನ ಫೋನ್ ಎತ್ತಲಿಲ್ಲ. ನಾನು ಕೂತಲ್ಲಿ ಕೂರಲಿಲ್ಲ. ಅವ್ವ ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು. ಬಸ್ಸಿನ ಹಾರ್ನ್ ಕೇಳಿದರೆ ರಸ್ತೆಗೆ ಓಡಿ, ಬೇರೆ ಯಾರೋ ಇಳಿದದ್ದು ನೋಡಿ ಮರಳುತ್ತಿದ್ದೆ. ಅವಳ ಕೆಲಸ ಕೆಡಿಸಿದೆ, ಇನ್ನು ಅವಳು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ.

ಗುರುವಾರ ಮುಂಜಾನೆ ಅವಳು ನೇರ ನಾನಿದ್ದ ಹೊಲಕ್ಕೇ ಬಂದಳು. ಕಣ್ಣು ಊದಿದ್ದವು.

"ನಿಮ್ಮ ಪ್ರಾಜೆಕ್ಟು ನಾನ ಹಾಳು ಮಾಡೀನ್ರಿ. ಬೈದಬಿಡ್ರಿ."

"ಎಣಿಕಿ ಮೊದಲ ಮುಗದಿತ್ತು. ಹುಳ ಹೋದದ್ದಕ್ಕ ಸಂಕಟ ಆತು, ಅದನ್ನೂ ಬರದೀನಿ." ಅವಳ ನೋಟ ಬೇವಿನ ಬುಡದ ಬಿಳಿ ಕ್ಯಾನಿನ ಮೇಲಿತ್ತು. "ಅದರಾಗ ಏನೈತಿ?"

"ಕುಡಿಯೋ ನೀರ್ರಿ."

"ಅದೂ ಎಣ್ಣಿದ?"

ಹೌದೆಂದು ತಲೆಯಾಡಿಸಿದೆ.

"ಮೊದಲನೇ ದಿನ ನನ್ನ ಮುಂದ ಅದನ್ನ ಎತ್ತಿ ಕುಡದ್ರಿ. ಭಾನುವಾರದಿಂದ ಕಣ್ಣು ಮುಚ್ಚಿದ್ರ ಅದ ಕಾಣತೈತಿ. ಫೋನಿನಾಗ ಹೇಳಾಕ ಹೋದ್ರ ಅಳು ಬರ್ತಿತ್ತು. ನಲವತ್ತು ಹುಳಕ್ಕ ಇಷ್ಟು ಅಳೋದಿಲ್ಲ ನಾನು. ನಿಮಗ ಏನಾರ ಆದ್ರ ನನ್ನ ಕೈಲೆ ಆಗಂಗಿಲ್ಲ."

ನನ್ನನ್ನು ಪ್ರೀತಿಸುತ್ತಾಳೆ. ಅಷ್ಟು ಸಾಕಿತ್ತು. ಕುಡಗೋಲು ತಂದು ಕ್ಯಾನ್ ಸೀಳಿದೆ. ನೀರೆಲ್ಲ ಹರಿದುಹೋಯಿತು.

ಅವಳು ಬ್ಯಾಗಿನಿಂದ ಸ್ಟೀಲ್ ಬಾಟಲಿ ತೆಗೆದುಕೊಟ್ಟಳು. "ಮನಿಯಾಗ ಇಂಥವು ಎಷ್ಟದಾವ?"

"ಆರು. ಅವ್ವ ಬ್ಯಾಳಿ ತುಂಬಿಟ್ಟಾಳ."

"ಹಂಗಾರ ನಡೀರಿ, ಈಗ ಮನಿಗೆ ಹೋಗೂಣು."

"ಅವ್ವಗ ಯಾರು ಅಂತ ಹೇಳ್ಲಿ?"

ನಾಲ್ಕು ದಿನದಲ್ಲಿ ಮೊದಲ ಸಲ ಅವಳು ನಕ್ಕಳು. "ಕ್ಯಾನ್ ಒಡಿಯಾಕ ಬಂದಾಳ ಅನ್ರಿ. ಆರೂ ಒಡದ ಮ್ಯಾಲೆ ಖರೇ ಹೇಳ್ರಿ."