ಗುಳುಂಕಪ್ಪನೂ ಒಂದು ಮೊರ ಬೂದಿಯೂ

ಬಹಳ ಹಿಂದೆ, ನಮ್ಮ ಮುತ್ತಜ್ಜಿಗೆ ಹಾಲುಹಲ್ಲು ಬರುವುದಕ್ಕೂ ಮೊದಲು, ಮೈಪುರ ಎಂಬ ರಾಜ್ಯವಿತ್ತು. ಸುತ್ತ ತೊಗಲಿನ ಕೋಟೆ, ಒಳಗೆ ಕೆಂಪು ಹೊಳೆ. ಕಾವಲುಗಾರ ಗುಳುಂಕಪ್ಪನ ಕೆಲಸ ಒಂದೇ, ನುಗ್ಗಿದ ಪರಕೀಯರನ್ನು ಹಿಡಿದು ನುಂಗುವುದು. ಹೊಟ್ಟೆ ದೊಡ್ಡದು, ನೆನಪು ಸೊನ್ನೆ. ನಿನ್ನೆ ನುಂಗಿದವನ ಮುಖ ಇವತ್ತು ನೆನಪಿರದು. ಹೆಂಡತಿ ಸಿದ್ದವ್ವನ ಹೆಸರನ್ನೂ ದಿನಾ ಬೆಳಿಗ್ಗೆ ಅವಳೇ ಹೇಳಬೇಕು.

ಮಂತ್ರಿ ಚತುರಸೇನನಿಗೆ ಇದು ಹಿಡಿಸಲಿಲ್ಲ. ಶತ್ರುವಿನ ಗುರುತನ್ನು ಜನ್ಮವಿಡೀ ಮರೆಯದ ಪಂಡಿತ ಕಾವಲುಗಾರರನ್ನು ಕರೆಸೋಣ ಎಂದು ರಾಣಿಯ ಕಿವಿ ಊದಿದ. ಪಂಡಿತರು ಸಿದ್ಧರಾಗಿ ಬರಲು ಏಳು ದಿನ ಬೇಕಿತ್ತು. ಅಷ್ಟರೊಳಗೆ ನುಗ್ಗಿದವರಲ್ಲಿ ಒಬ್ಬ ಶತ್ರು ಉಳಿದರೂ ಗುಳುಂಕಪ್ಪ ಗಡೀಪಾರು ಎಂದು ರಾಣಿ ಅಪ್ಪಣೆ ಮಾಡಿದಳು.

ಮರುದಿನವೇ ಆಕಾಶದಿಂದ ಜಾಲಿಮುಳ್ಳು ಬಂದು ಕೋಟೆ ತೂತಾಯಿತು. ಮುಳ್ಳಿನ ಮೇಲೆ ಕೂತು ಮಾಯಾವಿ ಕೀವಾಸುರನ ಪಡೆ ಒಳಗಿಳಿಯಿತು. ಮೊದಲು ಬಂದವರು ಒರಟು ಅಂಗಿಯವರು. ಅಂಥ ಅಂಗಿ ಮೈಪುರದಲ್ಲಿ ಯಾರೂ ನೇಯುವುದಿಲ್ಲ ಎಂಬುದು ಗುಳುಂಕಪ್ಪನ ಬೆರಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಮುಟ್ಟಿದ, ನುಂಗಿದ, ತೇಗಿದ.

ಎರಡನೆಯ ಪಡೆಗೆ ಒಂದು ಎರಡಾಗುವ, ಎರಡು ನಾಲ್ಕಾಗುವ ಮಂತ್ರ ಗೊತ್ತಿತ್ತು. ಗುಳುಂಕಪ್ಪ ಕೊಂಬು ಊದಿದ. ಹೊಳೆಯಿಂದ ಒಂದೇ ದಿನದ ಆಯುಷ್ಯದ ಸೈನಿಕರು ಧುಮುಕಿದರು. ಬೀದಿ ಊದಿ ಕೆಂಪಾಯಿತು. ಶತ್ರುಗಳು ಬೇಯಲಿ ಎಂದು ರಾಣಿ ಊರಲ್ಲೆಲ್ಲ ಒಲೆ ಹಚ್ಚಿಸಿದಳು. ಶತ್ರುಗಳು ಬೆವರಿದರು, ಮಂತ್ರಿ ಅವರಿಗಿಂತ ಹೆಚ್ಚು ಬೆವರಿದ. ಸಂಜೆಗೆ ಆ ಪಡೆಯೂ ಇರಲಿಲ್ಲ, ಪಾಪ, ಸೈನಿಕರೂ ಇರಲಿಲ್ಲ.

ಮೂರನೆಯವನು ಕೀವಾಸುರನೇ. ಮೈತುಂಬ ಲೋಳೆಯ ನಿಲುವಂಗಿ. ಗುಳುಂಕಪ್ಪ ಹಿಡಿದ, ಅವನು ಜಾರಿದ. ಮತ್ತೆ ಹಿಡಿದ, ಮತ್ತೆ ಜಾರಿದ. ಮೂರನೆಯ ಸಲ ಗುಳುಂಕಪ್ಪನೇ ಜಾರಿಬಿದ್ದ. ಮಂತ್ರಿ ಆಗಲೇ ಅವನ ಗಂಟುಮೂಟೆ ಕಟ್ಟಿಸತೊಡಗಿದ. ಗುಳುಂಕಪ್ಪನಿಗೆ ಅಳು ಬಂತು. ಅವನಿಗೆ ಬೇರೆ ಊರಿನ ದಾರಿಯೂ ನೆನಪಿರಲಿಲ್ಲ.

ಬುತ್ತಿ ತಂದಿದ್ದ ಸಿದ್ದವ್ವ ಇದನ್ನು ನೋಡಿದಳು. ಅವಳು ಮೀನು ಮಾರುವವಳು.

"ಹಾವುಮೀನನ್ನ ಬರಿಗೈಲಿ ಯಾರಾದ್ರೂ ಹಿಡೀತಾರೇನ್ರೀ?" ಎಂದವಳೇ ರಾಣಿ ಹಚ್ಚಿಸಿದ ಒಲೆಗಳ ಬೂದಿಯನ್ನು ಮೊರದ ತುಂಬ ತಂದು ಕೀವಾಸುರನ ಮೇಲೆ ಸುರಿದಳು. ಬೂದಿ ಲೋಳೆಗೆ ಮೆತ್ತಿಕೊಂಡಿತು. "ಈಗ ಹಿಡೀರಿ."

ಗುಳುಂಕಪ್ಪ ಗಬಕ್ಕನೆ ಹಿಡಿದ. ಗುಳುಂ.

ಏಳನೆಯ ದಿನ ಪಂಡಿತರು ಬಂದು ಶತ್ರುವಿನ ಗುರುತು ಕೇಳಿದರು. ಗುಳುಂಕಪ್ಪನಿಗೆ ಏನೂ ನೆನಪಿರಲಿಲ್ಲ. ಒಮ್ಮೆ ತೇಗಿ, ಬಾಯಿಂದ ನಿಲುವಂಗಿಯ ಚೂರೊಂದನ್ನು ತೆಗೆದುಕೊಟ್ಟ. ಪಂಡಿತರು ಅದನ್ನೇ ಕಣ್ಣಿಗೊತ್ತಿಕೊಂಡು ಬಾಯಿಪಾಠ ಮಾಡಿದರು. ರಾಣಿ ಮಂತ್ರಿಯನ್ನು ಬೂದಿ ಜರಡಿ ಹಿಡಿಯಲು ಕಳಿಸಿ, ಗುಳುಂಕಪ್ಪನಿಗೆ ಏನು ಬೇಕೆಂದು ಕೇಳಿದಳು.

"ಈ ಪಂಡಿತರು ನನ್ನ ಹೆಂಡ್ತಿ ಹೆಸರನ್ನೂ ನೆನಪಿಟ್ಕೊಳ್ಳಲಿ, ತಾಯಿ."

ಅಂದಿನಿಂದ ದಿನಾ ಬೆಳಿಗ್ಗೆ ಪಂಡಿತನೊಬ್ಬ ಅವರ ಬಾಗಿಲಿಗೆ ಬಂದು "ಸಿದ್ದವ್ವ" ಎನ್ನುತ್ತಾನೆ. ಎಷ್ಟು ಚಂದದ ಹೆಸರು ಎಂದು ಗುಳುಂಕಪ್ಪ ದಿನಾ ಹೊಸದಾಗಿ ಹಿಗ್ಗುತ್ತಾನೆ. ಮೈಪುರದವರು ಅಲ್ಲಿ ಸುಖವಾಗಿದ್ದಾರೆ, ಕತೆ ಕೇಳಿದ ನೀವು ಇಲ್ಲಿ ಸುಖವಾಗಿರಿ.