ಸೇತುವೆಗೆ ಮಡಿಲು ತುಂಬಿದ ಸತುವಜ್ಜಿ

ಲೋಹಗಳು ಇನ್ನೂ ಮನುಷ್ಯರ ಹಾಗೆ ಮನೆ ಕಟ್ಟಿಕೊಂಡು, ನೆಂಟರಿಷ್ಟರನ್ನು ಕರೆದು, ಹಬ್ಬ ಹುಣ್ಣಿಮೆ ಮಾಡಿಕೊಂಡು ಬಾಳುತ್ತಿದ್ದ ಕಾಲ ಒಂದಿತ್ತು. ಆ ಕಾಲದಲ್ಲಿ ಕಡಲ ನಡುವಿನ ಬಂಡೆಯ ಮೇಲೆ ಅಲೆಗಲ್ಲು ಎಂಬ ರಾಜ್ಯವಿತ್ತು. ರಾಜ್ಯವೆಂದರೆ ಮಹಾ ದೊಡ್ಡದೇನಲ್ಲ, ಅರಮನೆಯಲ್ಲಿ ಒಗ್ಗರಣೆ ಹಾಕಿದರೆ ಊರ ಕೊನೆಯ ಮನೆಯವರು ಸೀನುತ್ತಿದ್ದರು. ಸುತ್ತಲೂ ಸುಳಿಗಳು. ಇಳಿದ ದೋಣಿ ಮರಳಿ ಬಂದದ್ದಿಲ್ಲ. ದಡಕ್ಕೆ ಹೋಗಿಬರಲು ಇದ್ದದ್ದು ಒಂದೇ ದಾರಿ: ಕಬ್ಬಿಣದ ಸರಪಳಿಗಳ ತೂಗುಸೇತುವೆ.

ಅಲ್ಲಿಯ ರಾಜ ಧರಣಿಪಾಲನಿಗೆ ಇಬ್ಬರು ಮಕ್ಕಳು. ಮಗಳು ಪದ್ಮಲೆಯನ್ನು ಕಡಲಾಚೆಯ ಊರಿಗೆ ಕೊಟ್ಟಿತ್ತು. ಅವಳ ತಮ್ಮ ಸೋಮಾಂಕ. ಆ ವರ್ಷ ಪದ್ಮಲೆ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೆ? ಅಕ್ಕ ಬರುತ್ತಾಳೆಂದು ಸೋಮಾಂಕ ತಾನೇ ತೊಟ್ಟಿಲಿಗೆ ಬಣ್ಣ ಹಚ್ಚಿದ. ತೊಟ್ಟಿಲಿಗಿಂತ ಅವನ ಪಂಚೆಗೇ ಹೆಚ್ಚು ಬಣ್ಣವಾಯಿತು, ಅದು ಬೇರೆ ಮಾತು.

ಬಣ್ಣ ಒಣಗುವ ಮೊದಲೇ ಸೇತುವೆಯ ಮೇಲೆ ಒಬ್ಬ ಮಾಂತ್ರಿಕ ಬಂದು ಕುಳಿತ. ಅವನ ಜಡೆ ಮೊಣಕಾಲು ಮುಟ್ಟುತ್ತಿತ್ತು, ಇಟ್ಟಿಗೆಯಂತೆ ಕೆಂಪಗಿತ್ತು. ಅದಕ್ಕೇ ಅವನಿಗೆ ಕೆಂಜೆಡೆ ಎಂದು ಹೆಸರು. ಒಂದು ಕೈಯಲ್ಲಿ ಕಡಲ ನೀರು, ಇನ್ನೊಂದು ಕೈಯಲ್ಲಿ ಗಾಳಿ ಹಿಡಿದು ಸರಪಳಿಯ ಮೇಲೆ ಉಸಿರು ಬಿಟ್ಟರೆ ಸಾಕು, ಗಟ್ಟಿ ಕಬ್ಬಿಣ ಕೆಂಪು ಪುಡಿಯಾಗಿ ಉದುರುತ್ತಿತ್ತು.

ಅದು ಹೇಗೆಂದರೆ, ಪ್ರತಿಯೊಂದು ಲೋಹದ ಮಡಿಲಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಮುತ್ತುಗಳಿರುತ್ತವೆ. ಮುತ್ತು ಇರುವ ತನಕ ಲೋಹ ಲೋಹವೇ. ಮುತ್ತು ಹೋಯಿತೋ, ಮೈ ಪುಡಿ. ಕೆಂಜೆಡೆಯ ಊಟವೇ ಆ ಮುತ್ತು.

ರಾಜ ಓಡಿ ಬಂದ. "ಏನು ಬೇಕು ಕೇಳಯ್ಯ, ಕೊಡುತ್ತೇನೆ. ಸೇತುವೆ ಬಿಡು."

"ಏನೂ ಬೇಡ ದೊರೆ. ಹಸಿವು, ಅಷ್ಟೇ" ಎಂದ ಕೆಂಜೆಡೆ, ಬಾಯಿ ಒರೆಸಿಕೊಳ್ಳುತ್ತ. "ಆದರೆ ನಾನು ನೀತಿಗೆಟ್ಟವನಲ್ಲ. ಗುರು ಕೊಟ್ಟ ವ್ರತ ಒಂದಿದೆ. ಮೈಗೆ ಮೈ ತಾಗಿ ಕೂತ ಲೋಹಗಳಲ್ಲಿ ಯಾರ ಕೈ ಸಡಿಲವೋ ಅವರ ಮುತ್ತನ್ನೇ ಮೊದಲು ತಿನ್ನುತ್ತೇನೆ. ಅವರು ಮುಗಿಯುವ ತನಕ ಪಕ್ಕದವರನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನನ್ನ ವಿದ್ಯೆ ಸುಟ್ಟು ಹೋಗುತ್ತದೆ."

ರಾಜ ಕೇಳಿಸಿಕೊಂಡದ್ದು ಅರ್ಧ. ಕಬ್ಬಿಣ ಬಡಪಾಯಿ, ದೊಡ್ಡ ಮನೆತನದ ತಾಮ್ರ ಜೊತೆಗಿದ್ದರೆ ಮಾಂತ್ರಿಕ ಹೆದರುತ್ತಾನೆ ಎಂದುಕೊಂಡ. ಅರಮನೆಯ ಹಂಡೆ ಕೊಪ್ಪರಿಗೆಗಳನ್ನೆಲ್ಲ ಕರಗಿಸಿ ಸರಪಳಿಗೆ ತಾಮ್ರದ ಪಟ್ಟಿ ಬಿಗಿಸಿದ. ಮರುದಿನ ನೋಡಿದರೆ ಪಟ್ಟಿ ಫಳಫಳ ಹೊಳೆಯುತ್ತಿದೆ, ಅದರ ಪಕ್ಕದ ಕಬ್ಬಿಣ ಎರಡರಷ್ಟು ಸವೆದಿದೆ.

ಕೆಂಜೆಡೆ ಕೈಮುಗಿದ. "ಉಪಕಾರವಾಯಿತು ದೊರೆ. ಈ ತಾಮ್ರಪ್ಪ ಭಾರಿ ಬಿಗಿಮುಷ್ಟಿ. ತನ್ನದನ್ನು ಕೊಡುವುದಿರಲಿ, ಕಬ್ಬಿಣದ ಮಡಿಲಿಂದ ಎಳೆದೆಳೆದು ನನಗೆ ಬಡಿಸುತ್ತಾನೆ. ಇಂಥ ಬಡಿಸುವವನು ಯಾವ ಮದುವೆ ಮನೆಯಲ್ಲೂ ಸಿಕ್ಕಿರಲಿಲ್ಲ."

ರಾಜ ತಲೆ ಮೇಲೆ ಕೈಹೊತ್ತು ಕುಳಿತ. ಸೋಮಾಂಕನಿಗೆ ಮಾತ್ರ ಏನೋ ಹೊಳೆಯಿತು. "ಅಪ್ಪಾಜಿ, ನಾವು ಬಿಗಿಮುಷ್ಟಿಯವರನ್ನು ಕರೆದೆವು. ಕರೆಯಬೇಕಾದ್ದು ಕಬ್ಬಿಣಕ್ಕಿಂತ ಸಡಿಲ ಕೈಯವರನ್ನು. ನಾನು ಲೋಹಗಿರಿಗೆ ಹೋಗಿ ಬರುತ್ತೇನೆ."

"ಬೇಗ ಬಾ ಮಗನೆ. ಅಕ್ಕನ ಪಲ್ಲಕ್ಕಿ ಆಗಲೇ ಹೊರಟಿದೆಯಂತೆ."

ಲೋಹಗಿರಿ ಎಂದರೆ ಕಡಲಾಚೆ ಲೋಹಗಳೆಲ್ಲ ಮನೆ ಮಾಡಿಕೊಂಡಿದ್ದ ಬೆಟ್ಟ. ಬಿಗಿಮುಷ್ಟಿಯವರು ಮೇಲೆ, ಸಡಿಲ ಕೈಯವರು ಕೆಳಗೆ, ಸಾಲಾಗಿ ಮನೆಗಳು. ಯಾರು ಯಾರ ಮನೆಯ ಮೇಲೆ, ಯಾರು ಯಾರ ಕೆಳಗೆ ಎನ್ನುವುದು ಬಾಯಿಪಾಠವಾದರೆ ಬದುಕಿನ ಅರ್ಧ ಕಷ್ಟ ತಪ್ಪುತ್ತದೆ ಎಂದು ಅಲ್ಲಿಯವರ ನಂಬಿಕೆ. ಸೋಮಾಂಕನಿಗೆ ಬಾಯಿಪಾಠವಿರಲಿಲ್ಲ. ಅರಸುಮಗನಲ್ಲವೆ, ಅಭ್ಯಾಸಬಲದಿಂದ ನೇರ ತುದಿಯ ಮನೆಗೇ ಹತ್ತಿದ.

ಅಲ್ಲಿ ಚಿನ್ನಪ್ಪಯ್ಯ ದಿಂಬಿಗೆ ಒರಗಿ ಕುಳಿತಿದ್ದ.

"ಅಯ್ಯಾ, ನಿಮ್ಮ ಮಡಿಲಿನ ಮುತ್ತು ಕೊಟ್ಟು ನಮ್ಮ ಸೇತುವೆ ಉಳಿಸುವಿರಾ?"

"ಕೊಡುವುದೇ? ನಮ್ಮ ವಂಶದಲ್ಲಿ ಆ ರೂಢಿಯೇ ಇಲ್ಲಪ್ಪ" ಎಂದ ಚಿನ್ನಪ್ಪಯ್ಯ. "ಗಾಳಿ ಕೇಳಿತು, ಕೊಡಲಿಲ್ಲ. ಕಡಲು ಕೇಳಿತು, ಕೊಡಲಿಲ್ಲ. ಅದಕ್ಕೇ ನೋಡು, ಹುಟ್ಟಿದ ದಿನ ಇದ್ದ ಬಣ್ಣ ಇವತ್ತಿಗೂ ಇದೆ. ಮಜ್ಜಿಗೆ ಕುಡಿದು ಹೋಗು."

ಆ ಮಜ್ಜಿಗೆಯೂ ಬರಲಿಲ್ಲ.

ಮೇಲಿನವರಿಂದ ಆಗದಿದ್ದರೆ ಎಲ್ಲರಿಗಿಂತ ಕೆಳಗಿನವರೇ ಸರಿ ಎಂದು ಸೋಮಾಂಕ ಬೆಟ್ಟದ ಬುಡಕ್ಕೆ ಇಳಿದ. ಅಲ್ಲಿ ಎಣ್ಣೆ ತುಂಬಿದ ಕೊಪ್ಪರಿಗೆಯಲ್ಲಿ ಕತ್ತಿನವರೆಗೆ ಮುಳುಗಿ ಒಬ್ಬ ಹುಡುಗಿ ಕುಳಿತಿದ್ದಳು. ಹೆಸರು ಸೋಡಿ. ಮೈ ಬೆಣ್ಣೆಯಷ್ಟು ಮೆತ್ತಗೆ.

"ತಂಗಿ, ಮುತ್ತು ಕೊಡುವೆಯಾ?"

"ಓಹೋ, ಎಲ್ಲ ಕೊಡುತ್ತೇನೆ ಅಣ್ಣ, ಈಗಲೇ ಕೊಡುತ್ತೇನೆ, ಹಿಡಿ ಹಿಡಿ" ಎಂದಳು ಸೋಡಿ, ಎಣ್ಣೆಯಿಂದ ಕೈ ಚಾಚುತ್ತ.

ಬೆಟ್ಟ ಇಳಿದ ದಣಿವಿಗೆ ಸೋಮಾಂಕ ಆಗತಾನೆ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದ. ಒಂದು ಹನಿ ಅವಳ ಬೆರಳಿಗೆ ಸಿಡಿಯಿತು. ಢಮ್ಮೆಂದು ಹಳದಿ ಬೆಂಕಿ ಎದ್ದಿತು. ಸೋಡಿ ಕಿಲಕಿಲ ನಗುತ್ತ ಕೈಯನ್ನು ಎಣ್ಣೆಗೆ ಅದ್ದಿಕೊಂಡಳು. ಸೋಮಾಂಕನ ಎಡಮೀಸೆ ಇರಲಿಲ್ಲ.

"ಎಲ್ಲಿಗೆ ಕರೀತೀಯಣ್ಣ ನನ್ನನ್ನು?"

"ಕಡಲಿನ ನಡುವೆ..." ಎಂದವನು ಅಲ್ಲಿಗೇ ಮಾತು ನಿಲ್ಲಿಸಿದ. "ನೀನು ಇಲ್ಲೇ ಚೆನ್ನಾಗಿದ್ದೀಯಮ್ಮ."

ಕೊಡದವರಿಂದಲೂ ಆಗಲಿಲ್ಲ, ಒಂದೇ ಸಲಕ್ಕೆ ಕೊಟ್ಟುಬಿಡುವವರಿಂದಲೂ ಆಗಲಿಲ್ಲ. ಯೋಚಿಸುತ್ತ ಮತ್ತೆ ಹತ್ತಿದ. ಕಬ್ಬಿಣದ ಮನೆಗಿಂತ ಒಂದಿಷ್ಟೇ ಕೆಳಗೆ ಒಂದು ಹೆಂಚಿನ ಮನೆ. ಜಗಲಿಯ ಮೇಲೆ ನೀಲಿ ಛಾಯೆಯ ಬೂದುಬಣ್ಣದ ಸೀರೆಯುಟ್ಟ ಅಜ್ಜಿಯೊಬ್ಬಳು ಹೂಬತ್ತಿ ಹೊಸೆಯುತ್ತಿದ್ದಳು. ಅವಳೇ ಸತುವಜ್ಜಿ.

"ಯಾಕೋ ಮಗು, ಅರ್ಧ ಮೀಸೆ ಬಿಟ್ಟಿದ್ದೀಯ? ನಿಮ್ಮ ಕಡೆ ಹಾಗೇನಾ?"

ಸೋಮಾಂಕ ಎಲ್ಲ ಹೇಳಿದ. ಸೇತುವೆ, ಕೆಂಜೆಡೆ, ಅಕ್ಕ, ತೊಟ್ಟಿಲು. ಅಜ್ಜಿ ಬತ್ತಿಯನ್ನು ಬುಟ್ಟಿಗೆ ಹಾಕಿ ಎದ್ದಳು.

"ನಡಿ. ಕಬ್ಬಿಣದವರು ನಮ್ಮ ನೆರೆಯವರು. ಅವರು ಒದ್ದಾಡುವಾಗ ನಾನು ಬತ್ತಿ ಹೊಸೆದುಕೊಂಡಿರಲಾ?"

"ಅಜ್ಜಿ, ಅವನು ನಿಮ್ಮನ್ನು ತಿಂದು ಹಾಕುತ್ತಾನೆ."

"ತಿನ್ನಲಿ. ಸೋಡಿಯ ಹಾಗೆ ನಾನೇನು ಒಂದೇ ಗಳಿಗೆಯಲ್ಲಿ ಮುಗಿಯುವವಳೇ? ನಿಧಾನಕ್ಕೆ ಕೊಡುತ್ತೇನೆ. ಮುಗಿದಾಗ ನನ್ನನ್ನು ಊರಿಗೆ ತಲುಪಿಸು, ಅಷ್ಟು ಮಾಡು."

ಅವರು ಕಡಲಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಗಾಳಿ ಎದ್ದಿತ್ತು. ಒಂದೊಂದೇ ಸರಪಳಿ ಕಡಿದು, ಒಂದು ಎಡಕ್ಕೆ ಒಂದು ಬಲಕ್ಕೆ ಮಾತ್ರ ಉಳಿದಿದ್ದವು. ಪದ್ಮಲೆಗೆ ನೋವು ಕಾಣಿಸಿಕೊಂಡಿತ್ತು. ಕಾಯುವಂತಿರಲಿಲ್ಲ, ಪಲ್ಲಕ್ಕಿ ಸೇತುವೆಗೆ ಇಳಿದೇಬಿಟ್ಟಿತ್ತು. ಕೆಂಜೆಡೆ ಅದೇ ದಡದ ಕಂಬಕ್ಕೆ ಒರಗಿ, ಎಡಗಡೆಯ ಸರಪಳಿಯನ್ನು ಕಬ್ಬಿನಂತೆ ಸವಿಯುತ್ತಿದ್ದ.

ಸೋಮಾಂಕ ಓಡಿದ. ಓಡುವಾಗಲೂ ಮನೆತನ ಮರೆಯಲಿಲ್ಲ. ಹಿರಿಯರನ್ನು ಬರೀ ಕಬ್ಬಿಣದ ಮೇಲೆ ಕೂರಿಸುವುದೇ? ಕಾವಲುಗಾರನ ಕೋಣೆಯಿಂದ ಒಂದು ಮಣೆ ತಂದು, ಸರಪಳಿಯ ಬುಡದ ಕಬ್ಬಿಣದ ಗದ್ದುಗೆಯ ಮೇಲಿಟ್ಟು, "ಕೂತುಕೊಳ್ಳಿ ಅಜ್ಜಿ" ಎಂದ. ಅಜ್ಜಿ ಕುಳಿತಳು.

ಸರಪಳಿ ಉದುರುತ್ತಲೇ ಇತ್ತು.

"ಏನಯ್ಯ ಕೆಂಜೆಡೆ, ಸಡಿಲ ಕೈಯವರು ಬಂದಿದ್ದಾರೆ. ನಿನ್ನ ವ್ರತ ಎಲ್ಲಿ ಹೋಯಿತು?" ಎಂದ ಸೋಮಾಂಕ.

"ವ್ರತ ಭದ್ರವಾಗಿದೆ ರಾಜಕುಮಾರ" ಎಂದು ಮಾಂತ್ರಿಕ ನಕ್ಕ. "ಮೈಗೆ ಮೈ ತಾಗಿ ಕೂತವರು ಎಂದಿದ್ದೆ. ಅಜ್ಜಿ ಕೂತಿರುವುದು ಮರದ ಮೇಲೆ."

ಪಲ್ಲಕ್ಕಿ ಸೇತುವೆಯ ನಡುವಿಗೆ ಬಂದಿತ್ತು. ಎಡಸರಪಳಿಯ ಒಂದು ಕೊಂಡಿ ದಾರದಷ್ಟು ತೆಳ್ಳಗಾಗಿ ಕಿರ್ರೆಂದಿತು. ಒಳಗಿಂದ ಪದ್ಮಲೆ ನರಳಿದ್ದು ದಡಕ್ಕೆ ಕೇಳಿಸಿತು.

"ಮಣೆ ತೆಗೆಯೋ" ಎಂದಳು ಅಜ್ಜಿ.

"ಅಜ್ಜಿ, ನೆಂಟರಿಗೆ ಮಣೆ ಹಾಕದಿದ್ದರೆ ಊರು ಏನಂದೀತು?"

"ಊರು ಉಳಿದರೆ ತಾನೇ ಏನಾದರೂ ಅನ್ನುವುದು. ತೆಗೆಯೋ, ಮಂಕೇ."

ಸೋಮಾಂಕ ಮಣೆ ಎಳೆದ. ಅಜ್ಜಿ ಬರೀ ಕಬ್ಬಿಣದ ಮೇಲೆ ಚಕ್ಕಳಮಕ್ಕಳ ಕುಳಿತು, ಎರಡು ಅಂಗೈಯನ್ನೂ ಸರಪಳಿಗೆ ಒತ್ತಿದಳು. ಸೆರಗಿನ ಗಂಟು ತಾನೇ ಬಿಚ್ಚಿತು. ಮುತ್ತುಗಳು ಅಜ್ಜಿಯ ಮಡಿಲಿಂದ ಸರಪಳಿಯ ಮಡಿಲಿಗೆ ಹರಿದವು, ತವರಿನವರು ಮಗಳಿಗೆ ಮಡಿಲಕ್ಕಿ ತುಂಬಿದ ಹಾಗೆ.

ಕೆಂಜೆಡೆ ಕಬ್ಬಿಣಕ್ಕೆ ಬಾಯಿ ಹಾಕಿದರೆ ಸಿಕ್ಕಿದ್ದು ಅಜ್ಜಿಯ ಮುತ್ತು. ಇನ್ನೊಂದು ಕಡೆ ಬಾಯಿ ಹಾಕಿದ, ಅಲ್ಲಿಯೂ ಅಜ್ಜಿಯದೇ. ತಿಂದಷ್ಟೂ ಬಿಳಿ ಹಿಟ್ಟು ಉದುರಿತು, ಕೆಂಪು ಪುಡಿ ಒಂದು ಚಿಟಿಕೆಯೂ ಬೀಳಲಿಲ್ಲ. ನೋಡನೋಡುತ್ತಿದ್ದಂತೆ ಅವನ ಜಡೆ ಬುಡದಿಂದ ತುದಿಯವರೆಗೆ ಬೆಳ್ಳಗಾಯಿತು. ಸಿಟ್ಟೂ ಇಳಿಯಿತು. ತಾತನಂತೆ ತೂಕಡಿಸುತ್ತ ಕಂಬಕ್ಕೆ ಒರಗಿದ.

ದಾರದಷ್ಟಿದ್ದ ಕೊಂಡಿ ದಾರದಷ್ಟೇ ಉಳಿಯಿತು, ಕಡಿಯಲಿಲ್ಲ. ಪಲ್ಲಕ್ಕಿ ಅಲೆಗಲ್ಲು ಮುಟ್ಟಿತು, ಸೋಮಾಂಕನೂ ಹಿಂದೆಯೇ ಓಡಿ ಬಂದ. ಪದ್ಮಲೆ ಇಳಿದವಳೇ ತಮ್ಮನ ಮುಖ ನೋಡಿ, ಆ ನೋವಿನಲ್ಲೂ, "ಮೀಸೆ ಎಲ್ಲೋ?" ಎಂದಳು. ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು ತುಂಬಿತ್ತು. ಹೆಣ್ಣುಮಗು.

ಕಮ್ಮಾರರು ಬಂದು ಕಡಿದ ಸರಪಳಿಗಳನ್ನು ಬೆಸೆದರು. ತಾಮ್ರದ ಪಟ್ಟಿ ಬಿಚ್ಚಿ ಮತ್ತೆ ಹಂಡೆ ಕೊಪ್ಪರಿಗೆ ಮಾಡಿಕೊಂಡರು. ಅಜ್ಜಿ ಸೇತುವೆಯ ಬುಡದಲ್ಲೇ ಕುಳಿತು, ಬಂದುಹೋಗುವವರ ಸುಖದುಃಖ ವಿಚಾರಿಸುತ್ತ, ಮಗುವಿಗೆ ಹಾಡು ಹೇಳುತ್ತ, ಚೂರು ಚೂರೇ ಸವೆದಳು. ಅವಳು ಹಿಡಿಯಷ್ಟಾದ ದಿನ ಕೆಂಜೆಡೆಯ ಜಡೆಯ ತುದಿ ಮತ್ತೆ ಕೆಂಪಾಯಿತು. ಅಷ್ಟರೊಳಗೆ ಅಜ್ಜಿಯ ತಂಗಿ ಲೋಹಗಿರಿಯಿಂದ ಬಂದು ಪಕ್ಕದಲ್ಲಿ ಕುಳಿತಾಗಿತ್ತು. ಜಡೆ ಮತ್ತೆ ಬೆಳ್ಳಗಾಯಿತು.

ಸೋಮಾಂಕ ಅಜ್ಜಿ ಕೇಳಿಕೊಂಡಿದ್ದಂತೆ ಬಿಳಿ ಹಿಟ್ಟನ್ನೆಲ್ಲ ಗುಡಿಸಿ, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಬೆಟ್ಟಕ್ಕೆ ನಡೆದ. ಅಲ್ಲಿಯವರು ಅದಕ್ಕೆ ಇದ್ದಿಲು ಬೆರೆಸಿ ಕುಲುಮೆಗೆ ಇಟ್ಟು ತಿದಿ ಒತ್ತಿದರು. ಕಾವು ಏರಿ ಇಳಿದಾಗ ಒಳಗಿಂದ ಹದಿನಾರರ ಹುಡುಗಿಯೊಬ್ಬಳು ಮೈ ಕೊಡವಿಕೊಂಡು ಎದ್ದಳು.

"ಮೀಸೆ ಬೆಳೀತೇನೋ ಮಗು?" ಎಂದಳು. ದನಿ ಮಾತ್ರ ಅಜ್ಜಿಯದೇ.

ಸೇತುವೆ ಇವತ್ತಿಗೂ ಗಟ್ಟಿಯಾಗಿದೆ. ಅಲೆಗಲ್ಲಿನ ಹೆಣ್ಣುಮಕ್ಕಳು ಚೊಚ್ಚಲಿಗೆ ಅದರ ಮೇಲೆಯೇ ತವರಿಗೆ ಬರುತ್ತಾರೆ, ತುಂಬಿದ ಮಡಿಲಲ್ಲಿ ಹೋಗುತ್ತಾರೆ. ಆ ಊರಿನವರು ಬಂದ ನೆಂಟರಿಗೆಲ್ಲ ಮಣೆ ಹಾಕಿ ಉಪಚರಿಸುತ್ತಾರೆ. ಸತುವಿನ ಮನೆಯವರಿಗೆ ಮಾತ್ರ ಹಾಕುವುದಿಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆ ಅಲ್ಲಿ ಇನ್ನೊಂದಿಲ್ಲ.